ತಾರೀಕಮ್ಮನ ತಕರಾರು

ಕೋರ್ಟಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ತಾರೀಕಮ್ಮ. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು, ಅಷ್ಟು ಸರಿಯಾಗಿ ಅಂಟಿಕೊಂಡಿತ್ತು. ಅವಳ ಸೀನಿಯರ್ ವಕೀಲರು ದೊಡ್ಡ ಹೆಸರಿನವರು. ಒಂದೇ ಬೆಳಿಗ್ಗೆ ಮೂರು ಕೋರ್ಟುಗಳಲ್ಲಿ ಕೇಸು ಒಪ್ಪಿಕೊಳ್ಳುವವರು. ಅವರು ಇಲ್ಲದ ಕಡೆ ಎದ್ದು ನಿಂತು, "ನಮ್ಮ ಸೀನಿಯರ್ ಪಕ್ಕದ ಕೋರ್ಟಿನಲ್ಲಿದ್ದಾರೆ ಸ್ವಾಮಿ, ಇನ್ನೊಂದು ತಾರೀಕು ಕೊಡಬೇಕು" ಎಂದು ಕೇಳುವುದೇ ಇವಳ ಪಾಲಿಗೆ ಬಂದ ವಕೀಲಿಕೆ. ವರ್ಷಗಟ್ಟಲೆ ಕೇಳಿ ಕೇಳಿ ಅದರಲ್ಲಿ ಎತ್ತಿದ ಕೈ ಆಗಿದ್ದಳು. ಯಾವ ನ್ಯಾಯಾಧೀಶರ ಹತ್ತಿರ ಊಟಕ್ಕೆ ಮುಂಚೆ ಬಾಯಿ ಬಿಡಬಾರದು, ಯಾರ ಮುಂದೆ ಒಂದು ಸಲ ಕೆಮ್ಮಿ ದನಿ ಇಳಿಸಬೇಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ವಾದ ಮಾತ್ರ ಒಂದು ದಿನವೂ ಮಾಡಿದವಳಲ್ಲ.

ಇದಕ್ಕೇನಾ ಇಷ್ಟು ಓದಿದ್ದು ಎಂದು ಯಾರಾದರೂ ಕೇಳಿದರೆ ಅವಳ ಮೈ ಉರಿದುಹೋಗುತ್ತಿತ್ತು. ಓದಿದ್ದೇನು ಸಲೀಸಾಗಿ ಓದಿದ್ದಲ್ಲ. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, ಹಗಲು ಗಂಡನ ಕನ್ನಡಕದ ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂತು, ಸಂಜೆ ಕಾನೂನು ಕಾಲೇಜಿಗೆ ಓಡಿದವಳು. ಕೂತು ಅಂದೆನಲ್ಲ, ಅದು ಶುದ್ಧ ಸುಳ್ಳು. ಒಂದು ಕಡೆ ಕೂರುವುದು ಅವಳ ಹಣೆಯಲ್ಲೇ ಬರೆದಿರಲಿಲ್ಲ. ಕೂತು ಓದಿದರೆ ಒಂದು ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ತಾರಸಿಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ, ಕಲಮುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬಾಯಿಪಾಠ ಮಾಡುತ್ತಿದ್ದಳು. ಕೆಳಗೆ ಮೊಮ್ಮಗಳನ್ನು ತಟ್ಟಿ ಮಲಗಿಸುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗುತ್ತಿದ್ದರು.

"ಲೇ, ಹಿಂಗೇ ತಿರುಗ್ತಾ ಇದ್ರೆ ಚಾವಣಿ ಸವೆದು ನನ್ನ ತಲೆ ಮೇಲೆ ಬೀಳುತ್ತೆ ಕಣೇ."

"ಬೀಳಲ್ಲ ಅತ್ತೆ. ಬಿದ್ರೂ ನಾನೇ ನಿಮ್ಮ ಪರ ಕೇಸು ಹಾಕ್ತೀನಿ."

"ಮೊದಲು ಪಾಸಾಗು, ಆಮೇಲೆ ಕೇಸು."

ಅತ್ತೆಯ ಮಾತು ಬೇಗ ಫಲಿಸಲಿಲ್ಲ. ಸಿವಿಲ್ ದಾವೆಯ ವಿಧಿವಿಧಾನ ಎಂಬ ಒಂದು ವಿಷಯ ಅವಳನ್ನು ಬೆಂಬಿಡದೆ ಕಾಡಿತು. ಮೊದಲ ಸಲ ನಪಾಸಾದಾಗ ಅತ್ತಳು. ಎರಡನೇ ಸಲ ನಪಾಸಾದಾಗ ಅಳಲಿಲ್ಲ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಮತ್ತೆ ತೊಳೆದಳು. ಗಂಡ ಪಾಪದವನು. "ಸಾಕು ಬಿಡೇ, ಅಂಗಡಿ ಇದ್ಯಲ್ಲ" ಎಂದ. ಅಷ್ಟಕ್ಕೇ ಅತ್ತೆ ಅವನ ಮೇಲೆ ಎಗರಿಬಿದ್ದರು. ಇಷ್ಟು ವರ್ಷ ಮಗು ಹೊತ್ತದ್ದು ನನ್ನ ಸೊಂಟ, ನೀನ್ಯಾವೋನೋ ಸಾಕು ಅನ್ನೋಕೆ ಎಂದು ಕೇಳಿದರು. ಆಮೇಲೆ ಆ ಮನೆಯಲ್ಲಿ ಸಾಕು ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಬಿಟ್ಟರೆ ಬೇರೆ ಯಾರೂ ಆಡಲಿಲ್ಲ.

ಅಂತೂ ಇಂತೂ ಪಾಸಾದಳು. ವಕೀಲಿಕೆಯ ಸನದು ಸಿಕ್ಕಿತು, ಕರಿ ಕೋಟು ಹೊಲಿಸಿದ್ದಾಯಿತು. ಇನ್ನು ನಿನ್ನ ಹತ್ತಿರ ಮಾತಾಡೋಕೇ ಭಯ ಕಣಮ್ಮ ಎಂದು ನೆಂಟರೆಲ್ಲ ಕಿಚಾಯಿಸಿದರು. ಆದರೆ ವಕೀಲರ ಆಫೀಸುಗಳಲ್ಲಿ ಭಯಪಡುವವರು ಯಾರೂ ಇರಲಿಲ್ಲ. ಒಬ್ಬರು ಟೈಪಿಂಗ್ ಬರುತ್ತಾ ಎಂದು ಕೇಳಿದರು. ಇನ್ನೊಬ್ಬರು ಮಗುವಿಗೆ ಜ್ವರ ಬಂದರೆ ಏನು ಮಾಡ್ತೀಯ ಎಂದು ಕೇಳಿದರು. ಮೂರನೆಯವರು ಏನೂ ಕೇಳದೆ, ಫೈಲು ಬೀರುವಿನ ಪಕ್ಕದ ಮೂಲೆ ತೋರಿಸಿದರು. ಅವರೇ ಈ ಸೀನಿಯರ್. ಕುರ್ಚಿ ಕೊಡಲಿಲ್ಲ. ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ ಎನ್ನುವುದು ಬೇರೆ ಮಾತು.

ತಾರೀಕು ಕೇಳುವ ಕೆಲಸಕ್ಕೂ ಒಂದು ಮರ್ಯಾದೆ ಇದೆ, ಅದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಈ ಕಡೆಯವರು ತಾರೀಕು ಕೇಳಿದಾಗ ನ್ಯಾಯಾಧೀಶರು ಆ ಕಡೆ ನೋಡುತ್ತಾರೆ. ಆ ಕಡೆಯವರು "ತಕರಾರಿಲ್ಲ ಸ್ವಾಮಿ" ಎನ್ನಬೇಕು. ನಾಳೆ ಅವರು ಕೇಳಿದಾಗ ಇವರು ಅದೇ ಮಾತು ಹೇಳುತ್ತಾರೆ. ಹೀಗೆ ಒಬ್ಬರ ಬೆನ್ನು ಇನ್ನೊಬ್ಬರು ಕಾಯುತ್ತ ದಿನ ದೂಡುವುದು. ಅವಳ ಬದುಕು ನಿಂತಿದ್ದೇ ಇದರ ಮೇಲೆ. ಎದುರು ಪಕ್ಷದ ವಕೀಲರೆಲ್ಲ ತಕರಾರು ತೆಗೆಯುತ್ತ ಕೂತಿದ್ದರೆ ಸೀನಿಯರ್ ಅವಳನ್ನು ಎಂದೋ ಮನೆಗೆ ಕಳಿಸುತ್ತಿದ್ದರು. ಹಾಗಾಗಿ ಯಾರು ತಾರೀಕು ಕೇಳಿದರೂ ಅವಳ ಬಾಯಿಯಿಂದ ಆ ಮಾತು ತಾನಾಗಿ ಉದುರುತ್ತಿತ್ತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅದನ್ನೇ ಹೇಳುತ್ತಾಳೆ ಎಂದು ಗಂಡ ತಮಾಷೆ ಮಾಡುತ್ತಿದ್ದ.

ಆ ಸೋಮವಾರ ನಡೆದ ಎಡವಟ್ಟು ಇದರಿಂದಲೇ ಆದದ್ದು.

ಕೇಸು ಒಂದು ರಟ್ಟಿನ ಡಬ್ಬಿ ಕಾರ್ಖಾನೆಯದು. ಅಲ್ಲಿ ರಟ್ಟು ಕತ್ತರಿಸುವ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳ ಬಲಗೈಯ ಬೆರಳುಗಳು ಹೆಬ್ಬೆರಳೊಂದನ್ನು ಬಿಟ್ಟು ಎಲ್ಲ ಹೋಗಿದ್ದವು. ಕೈ ಅಲಗಿನ ಕೆಳಗೆ ಹೋಗದ ಹಾಗೆ ಆ ಯಂತ್ರಕ್ಕೊಂದು ಕಬ್ಬಿಣದ ಜಾಲರಿ ಇರುತ್ತದೆ. ಅವತ್ತು ಅದು ಇರಲಿಲ್ಲ. ಪರಿಹಾರ ಕೇಳಿ ಆ ಹೆಂಗಸು ಹಾಕಿದ ದಾವೆಗೆ ವಕೀಲರು ಇವಳ ಸೀನಿಯರ್. ಬೇಗ ಕೆಲಸ ಮುಗಿಸುವ ಆಸೆಗೆ ಅವಳೇ ಜಾಲರಿ ಬಿಚ್ಚಿದಳು, ತಪ್ಪು ಅವಳದೇ, ಬಿಡಿಗಾಸೂ ಕೊಡುವುದಿಲ್ಲ ಎಂದು ಕಾರ್ಖಾನೆಯವರು ಕೂತಿದ್ದರು. ಬಿಚ್ಚಿದವರು ಯಾರೆಂದು ನೋಡಿದವರು ಬೇಕಾದಷ್ಟು ಜನ, ಬಾಯಿ ಬಿಡುವವರು ಒಬ್ಬರೂ ಇರಲಿಲ್ಲ. ಕೊನೆಗೆ ಸಾಕ್ಷಿ ಹೇಳಲು ಬಂದವನು ಅದೇ ಕಾರ್ಖಾನೆಯ ಮೆಕ್ಯಾನಿಕ್, ಇನ್ನೂ ಅಲ್ಲೇ ಕೆಲಸದಲ್ಲಿದ್ದವನು. ಜಾಲರಿಯನ್ನು ತನ್ನ ಕೈಯಾರೆ ಬಿಚ್ಚಿದವನೇ ಅವನು.

ಅವತ್ತು ಬೆಳಿಗ್ಗೆ ಅವನು ಕೋರ್ಟಿನ ಮೊಗಸಾಲೆಯ ಬೆಂಚಿನ ಮೇಲೆ ಒಗೆದ ಶರ್ಟು ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಬೆರಳು ಕಳೆದುಕೊಂಡ ಹೆಂಗಸು, ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು.

"ಮಾವ ತೀರ್ಕೊಂಡ್ರು ಅಂತ ರಜೆ ಹಾಕಿ ಬಂದಿದೀನಿ ಮೇಡಂ" ಎಂದ ಮೆಕ್ಯಾನಿಕ್. "ಇವತ್ತು ಹೇಳಿಬಿಡ್ತೀನಿ. ರಾತ್ರಿಯೆಲ್ಲ ಕೂತು ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ. ಇನ್ನೊಂದು ದಿನ ಬಾ ಅಂದ್ರೆ ಬರ್ತೀನೋ ಇಲ್ವೋ ನನಗೇ ಗೊತ್ತಿಲ್ಲ."

"ಇವತ್ತೇ ಆಗುತ್ತೆ ಅಣ್ಣ" ಎಂದಳು ಅವಳು. ಸೀನಿಯರ್ ಹನ್ನೆರಡರ ಹೊತ್ತಿಗೆ ಬಂದು ಸಾಕ್ಷಿ ನುಡಿಸುವುದು ಎಂದು ನಿಕ್ಕಿಯಾಗಿತ್ತು. ಅವಳು ಮಾಡಬೇಕಿದ್ದದ್ದು ಇಷ್ಟೇ. ಕೇಸು ಕೂಗಿದಾಗ ಎದ್ದು, ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಸ್ವಾಮಿ ಎನ್ನುವುದು.

ಕೇಸು ಕೂಗಿದರು. ಅವಳು ಎದ್ದಳು. ಅವಳಿಗಿಂತ ಮುಂಚೆ ಕಾರ್ಖಾನೆಯ ವಕೀಲರು ಎದ್ದಿದ್ದರು. ಅವರು ವಯಸ್ಸಾದವರು, ನಗುಮುಖದವರು, ಸದಾ ಏಲಕ್ಕಿ ಅಗಿಯುವವರು, ಇವಳನ್ನು ಮಗಳೇ ಎಂದು ಬಾಯ್ತುಂಬ ಕರೆಯುವವರು. "ಫೈಲು ಆಫೀಸಿನಲ್ಲೇ ಉಳಿದಿದೆ ಸ್ವಾಮಿ, ಇನ್ನೊಂದು ತಾರೀಕು" ಎಂದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಇವಳತ್ತ ನೋಡಿ, "ಏನಮ್ಮಾ?" ಎಂದರು.

"ತಕರಾರಿಲ್ಲ ಸ್ವಾಮಿ."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವಳಿಗೆ ಅದು ಕೇಳಿಸಿತು. ಅಷ್ಟರಲ್ಲಿ ಬೆಂಚ್ ಗುಮಾಸ್ತ ಮೂರು ತಿಂಗಳಾಚೆಯ ತಾರೀಕು ಗೀಚಿ ಮುಂದಿನ ಕೇಸು ಕೂಗಿಯಾಗಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಹಿಂದಿನವರು "ಸ್ವಲ್ಪ ಸರ್ಕೊಳ್ಳಿ ಮೇಡಂ" ಎಂದು ಅವಳನ್ನು ಸರಿಸಿ ಮುಂದೆ ಬಂದರು.

ಹೊರಗೆ ಬಂದು ಮೊದಲು ಸೀನಿಯರ್‌ಗೆ ಫೋನ್ ಮಾಡಿದಳು. ತಪ್ಪಾಗಿಹೋಯಿತು ಎಂದು ಒಂದೇ ಉಸಿರಿಗೆ ಹೇಳಿದಳು. ಅವರು ಆರಾಮವಾಗಿದ್ದರು.

"ಹೋಗ್ಲಿ ಬಿಡು, ಒಳ್ಳೇದೇ ಆಯ್ತು. ನನಗೂ ಇವತ್ತು ಬರೋಕಾಗ್ತಿರ್ಲಿಲ್ಲ."

"ಸಾಕ್ಷಿ ಇನ್ನೊಂದು ಸಲ ಬರಲ್ಲ ಸಾರ್."

"ಬರದೇ ಇದ್ರೆ ಬೇರೆಯವರು ಸಿಗ್ತಾರೆ. ನೀನು ಆ ನಾಲ್ಕನೇ ಕೋರ್ಟಲ್ಲಿ ತಾರೀಕು ತಗೊಂಡ್ಯಾ?"

ಅವಳಿಗೆ ಆ ಕ್ಷಣಕ್ಕೆ ಬಂದ ಸಿಟ್ಟು ಸೀನಿಯರ್ ಮೇಲಿನದೋ, ತನ್ನ ನಾಲಿಗೆಯ ಮೇಲಿನದೋ ಹೇಳುವುದು ಕಷ್ಟ. ಬೆಂಚಿನ ಕಡೆ ತಿರುಗಿದರೆ ಅಲ್ಲಿ ಇಬ್ಬರೂ ಎದ್ದು ನಿಂತು ಅವಳನ್ನೇ ನೋಡುತ್ತಿದ್ದರು. ಶಾಲಿನವಳು, "ಕರೀತಾರಾ ಅಕ್ಕಾ?" ಎಂದು ಕೇಳಿದಳು. ಇವಳು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. "ಮಧ್ಯಾಹ್ನ ಆಗುತ್ತೆ, ಇಲ್ಲೇ ಇರಿ, ಎಲ್ಲೂ ಹೋಗಬೇಡಿ" ಎಂದು ಹೇಳಿ ಅಲ್ಲಿಂದ ಕಾಲು ಕಿತ್ತಳು.

ಬೆಂಚ್ ಗುಮಾಸ್ತ ಒಳ್ಳೆಯವನು, ಆದರೆ ಎಲ್ಲದಕ್ಕೂ ಒಂದು ನಿಟ್ಟುಸಿರು ಬಿಟ್ಟೇ ಮಾತಾಡುವವನು. "ಕೊಟ್ಟ ತಾರೀಕು ವಾಪಸ್ ತಗೊಳ್ಳಿ ಅಂತ ಅರ್ಜಿ ಬರೆದು, ಕೆಲಸ ಎಲ್ಲ ಮುಗಿದ ಮೇಲೆ ನಿಂತ್ಕೊಂಡು ಕೇಳಿ ಮೇಡಂ" ಎಂದ. "ಎದುರಿನವರಿಗೂ ಒಂದು ಪ್ರತಿ ಮುಟ್ಟಿಸಿ, ಅವರೂ ಅಲ್ಲಿರಬೇಕು. ಸಾಹೇಬರು ಬೈದ್ರೆ ಅದು ನಿಮಗೆ, ನನಗಲ್ಲ."

ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ನಿಂತೇ ಅರ್ಜಿ ಬರೆದಳು. ಮೊದಲನೆಯದು ಚಿತ್ತಾಯಿತು, ಹರಿದಳು. ಎರಡನೆಯದರಲ್ಲಿ ಕೇಸಿನ ನಂಬರು ತಪ್ಪಿತು, ಅದನ್ನೂ ಹರಿದಳು. ಮೂರನೆಯದನ್ನು ಹಿಡಿದು ಕಾರ್ಖಾನೆಯ ವಕೀಲರನ್ನು ಹುಡುಕಲು ಹೊರಟರೆ ಆ ಮಹಾನುಭಾವರು ಮಂಗಮಾಯ. ಎರಡನೇ ಕೋರ್ಟಿನಲ್ಲಿ ಇದ್ದರಂತೆ, ಈಗಷ್ಟೇ ಹೋದರಂತೆ. ಲೈಬ್ರರಿಯಲ್ಲಿ ನೋಡಿದವರಿದ್ದಾರೆ, ಲೈಬ್ರರಿಯಲ್ಲಿ ಇಲ್ಲ. ಮೆಟ್ಟಿಲು ಹತ್ತಿ ಇಳಿದು, ನಡುನಡುವೆ ಮೊಗಸಾಲೆಗೆ ಬಂದು ಬೆಂಚಿನ ಮೇಲೆ ಎರಡು ತಲೆ ಇವೆಯೇ ಎಂದು ಇಣುಕಿ ನೋಡಿ, ಮತ್ತೆ ಓಡಿದಳು. ಕೋಟಿನ ಕಂಕುಳು ಒದ್ದೆಯಾಯಿತು.

ಕೊನೆಗೆ ವಕೀಲರ ಊಟದ ಕೋಣೆಯಲ್ಲಿ ಸಿಕ್ಕರು. ನಾಲ್ಕಾರು ಜನರ ನಡುವೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಆಫೀಸಿನಲ್ಲಿ ಉಳಿದಿದೆ ಎಂದಿದ್ದ ಫೈಲು ಆ ಡಬ್ಬಿಯ ಕೆಳಗೇ ಇತ್ತು. ಕಾರ್ಖಾನೆಯ ಹೆಸರು ದಪ್ಪಕ್ಷರದಲ್ಲಿ ಕಾಣುತ್ತಿತ್ತು. ಅವರು ಅದನ್ನು ಮುಚ್ಚುವ ಗೋಜಿಗೂ ಹೋಗಲಿಲ್ಲ.

"ಬಾ ಮಗಳೇ, ಊಟ ಆಯ್ತಾ?"

ಅವಳು ಅರ್ಜಿಯ ಪ್ರತಿ ಮುಂದಿಟ್ಟಳು. ಅವರು ಓದಿದರು. ಸಿಟ್ಟಾಗಲಿಲ್ಲ, ಅದೇ ದೊಡ್ಡ ಕಷ್ಟವಾಯಿತು.

"ನೋಡಮ್ಮ, ನಿನಗೆ ಎಷ್ಟು ಸಲ ತಾರೀಕು ಬಿಟ್ಟುಕೊಟ್ಟಿದೀನಿ? ಒಂದು ಸಲನಾದ್ರೂ ಮುಖ ಗಂಟು ಹಾಕಿದೀನಾ? ನಿನ್ನ ಮಗಳಿಗೆ ಹುಷಾರಿಲ್ದೆ ನೀನು ಬರದೇ ಇದ್ದ ದಿನ ನಿನ್ನ ಪರವಾಗಿ ನಾನೇ ಎದ್ದು ತಾರೀಕು ಕೇಳಿದೀನಿ."

"ನಿಜ ಸಾರ್. ನಾನು ಮರೆತಿಲ್ಲ."

"ಮತ್ತೆ? ನನ್ನ ಕಕ್ಷಿದಾರರು ಆ ಮೆಕ್ಯಾನಿಕ್ ಜೊತೆ ಒಂದು ಮಾತಾಡ್ಬೇಕು ಅಂತಾರೆ, ಅದಕ್ಕೆ ಸ್ವಲ್ಪ ದಿನ ಬೇಕು. ಇದು ವೃತ್ತಿ. ನೀನು ಇವತ್ತು ಕೊಟ್ಟ ಮಾತು ತಿರುಗಿಸಿದ್ರೆ ನಾಳೆಯಿಂದ ಈ ಕಟ್ಟಡದಲ್ಲಿ ಯಾರೂ ನಿನಗೆ ತಾರೀಕು ಬಿಟ್ಟುಕೊಡಲ್ಲ. ಆಮೇಲೆ ನಿನ್ನ ಸೀನಿಯರ್‌ಗೆ ನೀನು ಯಾಕೆ ಬೇಕು ಹೇಳು."

ಇದು ಬೆದರಿಕೆಯಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಡಬ್ಬಿ ಬಿಚ್ಚುತ್ತಿದ್ದ ಉಳಿದವರೂ ತಲೆಯೆತ್ತಿ ಅವಳನ್ನು ನೋಡುತ್ತಿದ್ದರು. ಆ ಮುದುಕರ ಮೇಲೆ ಅವಳಿಗೆ ಪ್ರೀತಿ ಇದ್ದದ್ದು ಸುಳ್ಳಲ್ಲ. ಪ್ರತಿಯನ್ನು ಡಬ್ಬಿಯ ಪಕ್ಕಕ್ಕೆ ಸರಿಸಿ, "ನಾಲ್ಕು ಗಂಟೆಗೆ ಕೇಳ್ಕೋತೀನಿ ಸಾರ್, ತಾವು ಬರಬೇಕು" ಎಂದು ಹೇಳಿ ಹೊರಗೆ ಬಂದಳು.

ಮೊಗಸಾಲೆಗೆ ಬಂದರೆ ಬೆಂಚಿನ ಮೇಲೆ ಒಂದೇ ತಲೆ.

"ಎಲ್ಲಿ ಅವರು?"

"ಫೋನ್ ಬಂತು ಅಕ್ಕಾ, ಎದ್ದು ಹೋದ್ರು" ಎಂದಳು ಶಾಲಿನವಳು. ಅವಳ ಮುಖ ಬಿಳಿಚಿಕೊಂಡಿತ್ತು. "ಬರಲ್ವೇನೋ. ನಾನು ಕೇಳಲಿಲ್ಲ. ಹೆಂಗೆ ಕೇಳ್ಲಿ? ಅವರಿಗೂ ಮನೆ ಮಠ ಇದೆ."

ಇವಳು ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ನೀರಿನ ನಲ್ಲಿಯ ಹತ್ತಿರ ಇಲ್ಲ. ಕ್ಯಾಂಟೀನಿನಲ್ಲಿ ಇಲ್ಲ. ಗೇಟಿನ ಆಚೆ ರಸ್ತೆಯಲ್ಲಿ ಇಲ್ಲ. ಕೊನೆಗೆ ಬೈಕು ನಿಲ್ಲಿಸುವ ಜಾಗದಲ್ಲಿ, ಯಾರದೋ ಬೈಕಿನ ಸೀಟಿಗೆ ಒರಗಿಕೊಂಡು ನಿಂತಿದ್ದ. ಕೈಯಲ್ಲಿ ಫೋನಿತ್ತು, ಮಾತು ಮುಗಿದಿತ್ತು.

"ಸೂಪರ್‌ವೈಸರ್ ಫೋನ್ ಮಾಡಿದ್ರು" ಎಂದ. "ಮಾವ ಹೋಗಿದ್ದಕ್ಕೆ ಬೇಜಾರಾಯ್ತಂತೆ. ಮಣ್ಣು ಎಷ್ಟು ಹೊತ್ತಿಗೆ, ಎಲ್ಲಿ, ನಾನೂ ಬರ್ತೀನಿ ಅಂದ್ರು. ಆಮೇಲೆ ನಕ್ಕರು ಮೇಡಂ."

ಅವಳು ಧೈರ್ಯ ಹೇಳಬಹುದಿತ್ತು, ಕಾನೂನು ಹೇಳಬಹುದಿತ್ತು. ತನ್ನ ತಪ್ಪನ್ನು ಹೇಳಿದಳು. ಬೆಳಿಗ್ಗೆಯೇ ನೀವು ಹೇಳಿ ಮುಗಿಸಿ ಹೋಗಬಹುದಿತ್ತು, ನನ್ನ ಬಾಯಿಯಿಂದ ಅಭ್ಯಾಸಬಲದಲ್ಲಿ ಒಂದು ಮಾತು ಬಂತು, ಈಗ ಅದನ್ನು ವಾಪಸು ತಗೊಳ್ಳೋಕೆ ಒದ್ದಾಡ್ತಿದ್ದೀನಿ, ಆಗುತ್ತೋ ಇಲ್ವೋ ಗೊತ್ತಿಲ್ಲ ಎಂದಳು. ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಮೆಟ್ಟಿಲು ಹತ್ತಿದ.

ನಾಲ್ಕು ಗಂಟೆಗೆ ಕೋರ್ಟು ಖಾಲಿಯಾಗುತ್ತಿತ್ತು. ಸುದ್ದಿ ಹಬ್ಬಿತ್ತೋ ಏನೋ, ವಕೀಲರ ಸಾಲಿನಲ್ಲಿ ಮಾತ್ರ ಕೆಲಸವಿಲ್ಲದವರೂ ಕೂತಿದ್ದರು. ಅವಳು ಎದ್ದು ಅರ್ಜಿ ಕೊಟ್ಟಳು. ನ್ಯಾಯಾಧೀಶರು ಓದಿ ಕೆಳಗಿಟ್ಟರು.

"ಬೆಳಿಗ್ಗೆ ತಕರಾರಿಲ್ಲ ಅಂದವರು ಯಾರು?"

"ನಾನೇ ಸ್ವಾಮಿ."

"ಈಗ ತಕರಾರು ಇದೆ ಅನ್ನೋರು?"

"ನಾನೇ ಸ್ವಾಮಿ. ಬೆಳಿಗ್ಗೆ ಹೇಳಿದ್ದು ಯೋಚನೆ ಮಾಡಿ ಹೇಳಿದ್ದಲ್ಲ. ರೂಢಿಯಲ್ಲಿ ಬಂದುಹೋಯ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರಿಗೆ ನಗು ಬರಲಿಲ್ಲ. ಕೋರ್ಟು ಎಂದರೆ ಹೇಳಿದ್ದನ್ನು ನುಂಗುವ ಜಾಗವಲ್ಲ, ಇಷ್ಟು ವರ್ಷವಾದರೂ ಅಷ್ಟು ತಿಳಿಯುವುದಿಲ್ಲವೇ ಎಂದು ಚೆನ್ನಾಗಿ ಝಾಡಿಸಿದರು. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಹಾಕಿಸಿಕೊಂಡಳು. ಕಾರ್ಖಾನೆಯ ವಕೀಲರು ಮೆಲ್ಲಗೆ ಎದ್ದು, "ನಾನು ಆಗಲೇ ಅರಿಕೆ ಮಾಡಿದ್ದೆ ಸ್ವಾಮಿ, ಫೈಲು ಇಲ್ಲ" ಎಂದರು.

ಈಗ ಅವಳು ಸುಮ್ಮನಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಬೈಸಿಕೊಂಡದ್ದೂ ಆಗಿತ್ತು, ಕೇಳಿದ್ದೂ ಆಗಿತ್ತು, ಮನೆಗೆ ಹೋಗಿ ನನ್ನ ಕೈಲಾದದ್ದು ಮಾಡಿದೆ ಎಂದು ಅತ್ತೆಯ ಮುಂದೆ ಹೇಳಿಕೊಳ್ಳಬಹುದಿತ್ತು. ಒಬ್ಬ ವಕೀಲರ ಸುಳ್ಳನ್ನು ಇನ್ನೊಬ್ಬರು ಎಲ್ಲರೆದುರು ಕೋರ್ಟಿನಲ್ಲಿ ಎತ್ತಿ ಆಡುವುದು ಅಲ್ಲಿ ಯಾರೂ ಮಾಡದ ಕೆಲಸ.

"ಫೈಲು ಅವರ ಹತ್ತಿರವೇ ಇದೆ ಸ್ವಾಮಿ" ಎಂದಳು. "ಮಧ್ಯಾಹ್ನ ಊಟದ ಕೋಣೆಯಲ್ಲೂ ಇತ್ತು."

ಕಿಸಕ್ಕೆಂದವರೂ ಗಪ್‌ಚಿಪ್ ಆದರು. ಮುದುಕರು ಕಂಕುಳಲ್ಲಿದ್ದ ಫೈಲನ್ನು ನೋಡಿಕೊಂಡರು, ಆಮೇಲೆ ಅವಳನ್ನು ನೋಡಿದರು. ಏಲಕ್ಕಿ ಅಗಿಯುವುದು ನಿಂತಿತ್ತು. ನ್ಯಾಯಾಧೀಶರು ಒಂದು ಗಳಿಗೆ ಇಬ್ಬರನ್ನೂ ನೋಡಿ, ಸಾಕ್ಷಿಯನ್ನು ಕರೆಯಿರಿ ಎಂದರು. "ಪ್ರಶ್ನೆ ಕೇಳೋರು ಯಾರು? ನಿಮ್ಮ ಸೀನಿಯರ್ ಎಲ್ಲಿ?"

"ನಾನೇ ಕೇಳ್ತೀನಿ ಸ್ವಾಮಿ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮೊದಲ ಪ್ರಶ್ನೆಗಳು ಸಲೀಸು. ಏನು ಕೆಲಸ, ಎಷ್ಟು ವರ್ಷದಿಂದ, ಆ ಯಂತ್ರ ಯಾರ ಉಸ್ತುವಾರಿಯಲ್ಲಿತ್ತು. ಜಾಲರಿ ಬಿಚ್ಚಿದವರು ಯಾರು ಎಂದು ಕೇಳಿದಳು. "ನಾನು" ಎಂದ ಮೆಕ್ಯಾನಿಕ್. ನ್ಯಾಯಾಧೀಶರು ಹೇಳಿ ಬರೆಸಿದರು, ಟೈಪು ಮಾಡುವವಳ ಕೀಲಿಗಳು ಕಟಕಟ ಎಂದವು. ಇನ್ನುಳಿದದ್ದು ಒಂದೇ ಪ್ರಶ್ನೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬೇಡ ಎಂದು ಸೀನಿಯರ್ ನೂರು ಸಲ ಹೇಳಿದ್ದರು. ಬೆಳಿಗ್ಗೆಯಾಗಿದ್ದರೆ ಅವಳಿಗೆ ಉತ್ತರ ಗೊತ್ತಿತ್ತು. ಆ ಫೋನು ಬಂದ ಮೇಲೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನಾಗಿ ಬಿಚ್ಚಿದೆ ಎಂದುಬಿಟ್ಟರೆ ಕಾರ್ಖಾನೆಯವರು ಎಲ್ಲವನ್ನೂ ಇವನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ.

"ಯಾರು ಹೇಳಿದ್ದಕ್ಕೆ ಬಿಚ್ಚಿದಿರಿ?"

ಅವನು ನ್ಯಾಯಾಧೀಶರನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಶಾಲಿನ ಕಡೆ ನೋಡಿದ.

"ಸೂಪರ್‌ವೈಸರ್ ಹೇಳಿದ್ದಕ್ಕೆ. ಜಾಲರಿ ಇದ್ರೆ ಡಬ್ಬಿ ಬೇಗ ಬೀಳಲ್ಲ, ಬಿಚ್ಚಾಕು ಅಂದ್ರು. ಬೇಡ ಸಾರ್ ಅಂದೆ. ಬಿಚ್ಚಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂದ್ರು. ಬಿಚ್ಚಿದೆ. ಈ ಯಮ್ಮ ಮುಟ್ಟೇ ಇಲ್ಲ ಸ್ವಾಮಿ."

ಕೀಲಿಗಳು ಮತ್ತೆ ಕಟಕಟ ಎಂದವು. ಅವಳಿಗೆ ಕಣ್ಣು ತುಂಬಿ ಬಂದು ಮುಂದೆ ಏನೂ ಕಾಣಲಿಲ್ಲ.

ಕಾರ್ಖಾನೆಯ ವಕೀಲರು ಪಾಟೀಸವಾಲಿಗೆ ಎದ್ದರು. ಮಾವ ಸತ್ತದ್ದು ಸುಳ್ಳು ತಾನೇ ಎಂದರು, ಸುಳ್ಳು ಎಂದ. ಜಾಲರಿ ಬಿಚ್ಚಬಾರದು ಎಂದು ಗೊತ್ತಿತ್ತು ತಾನೇ ಎಂದರು, ಗೊತ್ತಿತ್ತು ಎಂದ. ಹಾಗಾದರೆ ತಪ್ಪು ನಿನ್ನದೇ ಎಂದು ದನಿ ಏರಿಸಿದರು. "ನನ್ನದೂ ಇದೆ" ಎಂದ ಅವನು. ಆ ಒಂದು ಊಕಾರವನ್ನು ಕಿತ್ತುಹಾಕಲು ಮುದುಕರು ಹೇಗೆಲ್ಲ ಹೆಣಗಿದರೂ ಆಗಲಿಲ್ಲ. ಹೇಳಿಕೆಯ ಕೆಳಗೆ ಸಹಿ ಮಾಡಿ ಅವನು ಇಳಿದ.

ಹೊರಗೆ ಬಂದಾಗ ಶಾಲಿನವಳು ಮಾತಾಡಲಾರದೆ ಅವನ ಮುಂದೆ ನಿಂತು ಅತ್ತಳು, ಆಮೇಲೆ ಬಸ್ಸು ತಪ್ಪುತ್ತದೆಂದು ಹೋದಳು. ವಕೀಲರು ಒಬ್ಬೊಬ್ಬರೇ ಇವಳ ಪಕ್ಕದಿಂದ ಹಾದುಹೋದರು. ದಿನವೂ ಬರ್ತೀನಿ ಮೇಡಂ ಎನ್ನುವವರು ಅವತ್ತು ಏನೂ ಅನ್ನಲಿಲ್ಲ. ಅನ್ನದಿದ್ದರೆ ಬೇಡ, ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೊದಲ ಸಾಕ್ಷಿ, ಮೊದಲ ದಿನ, ಒಂದು ಪ್ರಶ್ನೆಯೂ ವ್ಯರ್ಥವಾಗಲಿಲ್ಲ. ಈಗಲೇ ಮನೆಗೆ ಓಡಿ ಅತ್ತೆಗೆ ಮೊದಲಿಂದ ಕೊನೆಯವರೆಗೆ ಹೇಳಬೇಕು ಎಂದು ಫೈಲು ಎತ್ತಿಕೊಂಡಳು.

ಮೆಕ್ಯಾನಿಕ್ ಇನ್ನೂ ಬೆಂಚಿನ ಮೇಲೆ ಕೂತಿದ್ದ.

"ಮೇಡಂ, ಒಂದು ಮಾತು" ಎಂದ. "ನಾಳೆ ಬೆಳಿಗ್ಗೆ ಫಸ್ಟ್ ಶಿಫ್ಟು ನನ್ನದು. ಕೆಲಸಕ್ಕೆ ಹೋಗ್ಲಾ, ಬೇಡ್ವಾ?"

ಬೆಳಗಿನಿಂದ ಅವಳು ಈ ಮನುಷ್ಯನ ಹಿಂದೆ ಮೇಲೆ ಕೆಳಗೆ ಓಡಿದ್ದಳು. ಅವನು ಇವತ್ತು ಹೇಳುತ್ತಾನೋ ಇಲ್ಲವೋ ಎಂದು ಬಿಟ್ಟು ನಾಳೆ ಅವನ ಗತಿ ಏನು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಆ ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು. ಉಪಾಯ ಹೇಳಲು ಬಾಯಿ ತೆರೆದಳು, ನೋಡೋಣ ಬಿಡಿ ಎಂಬ ವಕೀಲರ ಮಾತು ನಾಲಿಗೆಯವರೆಗೆ ಬಂತು, ಹಿಡಿದುಕೊಂಡಳು.

"ಹೋಗದೇ ಇದ್ರೆ ಕೆಲಸ ಬಿಟ್ಟುಹೋದ ಅಂತ ಬರ್ಕೋತಾರೆ. ಹೋಗ್ಬೇಕು."

"ಗೇಟಲ್ಲೇ ನಿಲ್ಲಿಸ್ತಾರೆ."

"ನಿಲ್ಲಿಸ್ತಾರೆ. ನಾನೂ ಬರ್ತೀನಿ ಅಣ್ಣ. ನಿಲ್ಲಿಸಿದ್ರೆ ಇಬ್ಬರನ್ನೂ ನಿಲ್ಲಿಸಲಿ."

ಅವನು ಅವಳ ಮುಖ ನೋಡಿದ. ನಂಬಬಹುದೋ ಬಾರದೋ ಎಂದು ತೂಗಿ ನೋಡುವ ಹಾಗಿತ್ತು ಆ ನೋಟ. ಆಮೇಲೆ, ಮೊದಲ ಬಸ್ಸು ಆ ಕಡೆಗೆ ಹೋಗುವುದಿಲ್ಲ, ಬೈಕಿನಲ್ಲಿ ಮನೆಯ ಹತ್ತಿರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಅವಳ ವಿಳಾಸ ಕೇಳಿದ.